ಲೇಬಲ್ ಹೇಳಿದ ಬೆಟ್ಟ

ನಮ್ಮೂರಲ್ಲಿ ಯಾರದಾದ್ರೂ ಮನೆ ಎಲ್ಲಿ ಅಂತ ಕೇಳಿದ್ರೆ ‘ಅಲ್ಲೇ, ಗುಡ್ಡದ ಹತ್ರ’ ಅಂತಾರೆ. ಹೋಗಿ ನೋಡಿದ್ರೆ ಗುಡ್ಡ ನಾಲ್ಕಿರುತ್ತವೆ. ಇಂಥದ್ದೇ ಒಂದು ವಿಳಾಸ ಹಿಡಿದು ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಒಂದು ಗಿಡಕ್ಕಾಗಿ ಸುಮಾರು ನಲವತ್ತು ವರ್ಷ ಕಾದರು.

1839ರಲ್ಲಿ ಗ್ರೇ ಪ್ಯಾರಿಸ್ಸಿನಲ್ಲಿ ಆಂದ್ರೆ ಮಿಶೋ ಅವರ ಹರ್ಬೇರಿಯಂ ನೋಡುತ್ತಿದ್ದರು. ಹರ್ಬೇರಿಯಂ ಅಂದ್ರೆ ಗಿಡಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ಕಿತು ಅಂತ ಬರೆದಿಡುವ ಸಂಗ್ರಹ. ಮಿಶೋ 1785ರಲ್ಲಿ ಫ್ರಾನ್ಸಿನ ರಾಜನ ಪರವಾಗಿ ಅಮೆರಿಕಕ್ಕೆ ಹೋಗಿ ಕಾಡು ಸುತ್ತಿದವರು. ಅವರ ಒಂದು ಹಾಳೆಯಲ್ಲಿ ಯಾರೂ ಹೆಸರಿಡದ ಗಿಡವಿತ್ತು. ಕೆಲವು ಎಲೆ, ಒಂದು ಕಾಯಿ, ಹೂವಿಲ್ಲ. ಲೇಬಲ್ಲಿನಲ್ಲಿ ಫ್ರೆಂಚಿನ ಒಂದು ಸಾಲು: ಕೆರೊಲಿನಾದ ಎತ್ತರದ ಬೆಟ್ಟಗಳು.

1841ರಲ್ಲಿ ಗ್ರೇ ಬೆಟ್ಟ ಹತ್ತಿದರು. ಸಿಗಲಿಲ್ಲ. ಆದ್ರೂ ಮರುವರ್ಷ, ಹೂವನ್ನೇ ನೋಡದೆ, ಇದು ಹೊಸ ಕುಲ ಅಂತ ಪ್ರಕಟಿಸಿ, ಕೆಂಟಕಿಯ ಸಸ್ಯತಜ್ಞ ಚಾರ್ಲ್ಸ್ ಶಾರ್ಟ್ ಹೆಸರಲ್ಲಿ ‘ಶಾರ್ಟಿಯಾ’ ಅಂತ ಕರೆದರು. ಎಂಥ ಧೈರ್ಯ! ಪೂರ್ವ ಅಮೆರಿಕ ಮತ್ತು ಜಪಾನಿನ ಗಿಡಗಳ ನಂಟು ಗ್ರೇ ಅವರನ್ನು ಕಾಡಿದ ದೊಡ್ಡ ಪ್ರಶ್ನೆ. ಜಪಾನಿನಲ್ಲಿ ಇದರ ಹತ್ತಿರದ ಬಂಧು ಸಿಕ್ಕಿತು, ಅಮೆರಿಕದ್ದು ಮಾತ್ರ ಇಲ್ಲ. ಶಾರ್ಟ್ 1863ರಲ್ಲಿ ತೀರಿಕೊಂಡರು, ತಮ್ಮ ಹೆಸರಿನ ಗಿಡವನ್ನು ನೋಡದೆಯೇ.

1877ರಲ್ಲಿ ನಾರ್ತ್ ಕೆರೊಲಿನಾದ ಮೇರಿಯನ್ ಊರಿನ ಹತ್ತಿರ, ಕಟಾಬಾ ನದಿಯ ದಂಡೆಯಲ್ಲಿ, ಜಾರ್ಜ್ ಹೈಯಮ್ಸ್ ಅನ್ನೋ 17 ವರ್ಷದ ಹುಡುಗನಿಗೆ ಅದು ಸಿಕ್ಕಿತು. ಅಪ್ಪ ಔಷಧಿ ಸಸ್ಯಗಳ ಕೆಲಸ ಮಾಡುತ್ತಿದ್ದವರು. ಗುರುತು ಅವರಿಗೂ ಸಿಗಲಿಲ್ಲ. ಕೈಯಿಂದ ಕೈಗೆ ದಾಟಿ ಸುದ್ದಿ ಗ್ರೇ ಅವರನ್ನು ಮುಟ್ಟುವಾಗ ಮುಂದಿನ ವರ್ಷ ಬಂದಿತ್ತು. 1879ರಲ್ಲಿ ಅವರೇ ಹೋಗಿ ಕಣ್ಣಾರೆ ನೋಡಿದರು. ಬೆಟ್ಟದ ನೆತ್ತಿಯ ಮೇಲಲ್ಲ, ಕೆಳಗೆ, ನೀರಿನ ಪಕ್ಕದ ನೆರಳಲ್ಲಿ.

ಅಡ್ರೆಸ್ ಫೀಲ್ಡಿನಲ್ಲಿ ಏನೋ ಒಂದು ತುಂಬಿ ಸಬ್ಮಿಟ್ ಒತ್ತುವವರ ಡೇಟಾ ಜೊತೆ ದಿನಾ ಗುದ್ದಾಡುವ ನನಗೆ ಮಿಶೋ ಮೇಲೆ ಸಿಟ್ಟೇ ಬಂತು. ಆದರೆ ಆ ಹಾಳೆಯೂ ಇಲ್ಲದಿದ್ರೆ, ಇಂಥದ್ದೊಂದು ಗಿಡ ಇದೆ ಅಂತ ಹುಡುಕೋಕೆ ಯಾರು ಹೋಗ್ತಿದ್ರು?

1886ರಲ್ಲಿ ಚಾರ್ಲ್ಸ್ ಸಾರ್ಜೆಂಟ್, ಮಿಶೋ ಓಡಾಡಿದ ಜಾಡು ಹಿಡಿದು, ಕಿಯೋವಿ ನದಿಯ ಮೇಲ್ಭಾಗದ ಕಣಿವೆಯಲ್ಲಿ ಈ ಗಿಡದ ಹಳೆಯ ನೆಲೆಯನ್ನೂ ಕಂಡರು. 1970ರ ದಶಕದ ಆರಂಭದಲ್ಲಿ ಅಲ್ಲಿ ಅಣೆಕಟ್ಟು ಬಂತು. ಜೊಕಾಸಿ ಜಲಾಶಯದ ನೀರಿನಡಿ ಆ ನೆಲೆಯ ದೊಡ್ಡ ಪಾಲು ಮುಳುಗಿತು. ಉಳಿದವು ಈಗಲೂ ಮಾರ್ಚ್ ಬಂತೆಂದರೆ ಜಲಾಶಯಕ್ಕೆ ಇಳಿಯುವ ತೊರೆಗಳ ಬದಿಯಲ್ಲಿ ಬಿಳಿ ಹೂ ಬಿಡುತ್ತವೆ.