ಖದೀಜಾರ ಸರಕು, ನಮ್ಮ ಮನೆಯ ಚರಕ

ಮಕ್ಕಾದ ಕುರೈಷರು ವ್ಯಾಪಾರಸ್ಥರು. ಅವರ ಒಂಟೆಗಳ ಸಾಲಿನಲ್ಲಿ ವಿಧವೆಯಾಗಿದ್ದ ಹ. ಖದೀಜಾ(ರ)ರ ಸರಕೂ ಸಾಗುತ್ತಿತ್ತು. ನಂಬಿಕಸ್ಥರಿಗೆ ಬಂಡವಾಳ ಕೊಟ್ಟು, ಲಾಭದಲ್ಲಿ ಪಾಲು ಗೊತ್ತುಮಾಡಿ ಕಳುಹಿಸುವುದು ಅವರ ಕ್ರಮ. ಹಾಗೆ ಅವರ ಸರಕನ್ನು ಸಿರಿಯಾಕ್ಕೆ ಒಯ್ದವರು ಪ್ರವಾದಿ ಮುಹಮ್ಮದ್(ಸ). ಜೊತೆಗಿದ್ದದ್ದು ಖದೀಜಾರ ಸೇವಕ ಮೈಸರಾ. ನಿಕಾಹ್ ಆದದ್ದು ಆಮೇಲೆ. ಬಂಡವಾಳ ಆ ತಾಯಿಯದು ಎಂಬ ಮಾತನ್ನು ನಾವು ಬೇಗ ಓದಿ ಮುಂದೆ ಹೋಗಿಬಿಡುತ್ತೇವೆ.

ಹ. ಝೈನಬ್ ಬಿಂತ್ ಜಹ್ಶ್(ರ) ಚರ್ಮ ಹದಮಾಡಿ, ಹೊಲಿದು, ಬಂದದ್ದನ್ನು ಬಡವರಿಗೆ ಕೊಡುತ್ತಿದ್ದರು. ನಿಮ್ಮಲ್ಲಿ ಉದ್ದ ಕೈಯವರು ಮೊದಲು ನನ್ನನ್ನು ಸೇರುವರು ಎಂಬರ್ಥದ ಮಾತನ್ನು ಪ್ರವಾದಿ(ಸ) ಹೇಳಿದಾಗ ಪತ್ನಿಯರು ಕೈ ಅಳೆದು ನೋಡಿದ್ದರು! ಹಿಜರಿ 20ರಲ್ಲಿ ಗಿಡ್ಡ ಮೈಕಟ್ಟಿನ ಝೈನಬ್(ರ) ಮೊದಲು ತೀರಿಕೊಂಡಾಗಲೇ ಅರ್ಥವಾದದ್ದು, ಅದು ದುಡಿದು ಕೊಡುವ ಕೈ ಎಂದು.

ಈಗ ನಮ್ಮ ಸೀಮೆಗೆ ಬನ್ನಿ. ಟಿಪ್ಪು ಸುಲ್ತಾನರು ಬಂಗಾಳದಿಂದ ಹುಳು ತರಿಸಿ ಮೈಸೂರಿನಲ್ಲಿ ಬೇರೂರಿಸಿದ ರೇಷ್ಮೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಹಿಪ್ಪುನೇರಳೆಯ ತೋಟ ಕೊಟ್ಟಿತು, ನಮ್ಮ ಅನೇಕ ಕುಟುಂಬಗಳಿಗೆ ನೂಲು ಬಿಚ್ಚುವ ಕಸುಬು ಕೊಟ್ಟಿತು. ಗೂಡು ಬೇಯಿಸುವುದು, ಬಿಸಿನೀರಿನಲ್ಲಿ ಎಳೆ ಹುಡುಕುವುದು, ಕಡಿದ ಎಳೆ ಕೂಡಿಸುವುದು, ಇದರಲ್ಲಿ ಹೆಂಗಸರ ಪಾಲು ಸಣ್ಣದಲ್ಲ. ಗೂಡಿನ ಮಾರುಕಟ್ಟೆಯ ಹರಾಜಿಗೆ ಹೋಗುವವರು ಮಾತ್ರ ಹೆಚ್ಚಾಗಿ ಗಂಡಸರೇ.

ಸೂರಃ ಅನ್ನಿಸಾದ 32ನೇ ವಚನ ಹೆಣ್ಣಿನ ಸಂಪಾದನೆಯ ಪಾಲನ್ನು ಬೇರೆಯಾಗಿಯೇ ಹೆಸರಿಸಿದೆ. ಬಿಸಿನೀರಿಗೆ ಸುಲಿದ ಬೆರಳಿನವಳ ಹೆಸರು ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಎಷ್ಟು ಮನೆಗಳಲ್ಲಿದೆ?