ಎಡನೀರು ಮಠದ ವ್ಯಾಜ್ಯವೂ ಉನ್ನತ ಪದವಿಗಳ ಚುನಾವಣೆಯೂ

ಕಾಸರಗೋಡಿಗೆ ಸಮೀಪವಾದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ವ್ಯಾಜ್ಯವು ಕೇರಳದ ಭೂಸುಧಾರಣಾ ಶಾಸನವನ್ನು ಕುರಿತುದು. ವಿಚಾರಣೆ ಬೆಳೆದಂತೆ, ಸಂವಿಧಾನವನ್ನು ತಿದ್ದಲು ಸಂಸತ್ತಿಗಿರುವ ಅಧಿಕಾರಕ್ಕೆ ಎಲ್ಲೆಯುಂಟೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಹದಿಮೂವರು ನ್ಯಾಯಮೂರ್ತಿಗಳು ೬೮ ದಿನ ವಾದವನ್ನಾಲಿಸಿದರು. ೧೯೭೩ನೆಯ ಏಪ್ರಿಲ್ ೨೪ರಂದು, ತಿದ್ದುಪಡಿಯು ಸಂವಿಧಾನದ ಮೂಲಸ್ವರೂಪವನ್ನು ಕೆಡಿಸಲಾಗದೆಂದು ಏಳು ಮಂದಿಯ ಬಹುಮತದಿಂದ ನಿರ್ಣಯವಾಯಿತು. ಆ ಏಳ್ವರಲ್ಲಿ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರೂ ಒಬ್ಬರು, ಜ್ಯೇಷ್ಠತೆಯನ್ನು ಮೀರಿ ಕಿರಿಯರೊಬ್ಬರಿಗೆ ಮುಖ್ಯ ನ್ಯಾಯಮೂರ್ತಿ ಪದವಿ ಸಲ್ಲಲು, ಅವರು ರಾಜೀನಾಮೆಯನ್ನಿತ್ತರು.

ಈ ತತ್ತ್ವಕ್ಕೆ ಪರೀಕ್ಷಾಕಾಲವು ಬೇಗನೆ ಒದಗಿತು. ೧೯೭೫ನೆಯ ಜೂನ್ ೧೨ರಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಆಗಸ್ಟಿನಲ್ಲಿ ಜಾರಿಗೆ ಬಂದ ೩೯ನೆಯ ತಿದ್ದುಪಡಿಯು ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ಲೋಕಸಭಾಧ್ಯಕ್ಷ ಇವರ ಚುನಾವಣೆಯ ವಿವಾದಗಳನ್ನು ನ್ಯಾಯಾಲಯಗಳಿಂದ ತಪ್ಪಿಸಿತು; ಅದರ ಒಂದು ಖಂಡವು ಪ್ರಧಾನಿಯ ಆಯ್ಕೆ ಸಿಂಧುವೆಂದೇ ಸಾರಿತು. ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು ಎಡನೀರಿನ ತೀರ್ಪನ್ನೇ ಆಧರಿಸಿ ಆ ಖಂಡವನ್ನು ರದ್ದುಗೊಳಿಸಿತು. ಆದರೆ ಚುನಾವಣಾ ಶಾಸನದ ಪೂರ್ವಾನ್ವಯ ತಿದ್ದುಪಡಿಗಳನ್ನು ಎತ್ತಿಹಿಡಿದುದರಿಂದ ಆಯ್ಕೆಯು ಉಳಿಯಿತು. ಮುಂದೆ ೧೯೭೮ರ ೪೪ನೆಯ ತಿದ್ದುಪಡಿಯು ರಾಷ್ಟ್ರಪತಿ ಚುನಾವಣೆಯ ವಿವಾದಗಳನ್ನು ಮರಳಿ ಸರ್ವೋಚ್ಚ ನ್ಯಾಯಾಲಯಕ್ಕೊಪ್ಪಿಸಿತು.

ಭೂಶಾಸನಗಳಿಗೆ ರಕ್ಷಣೆಯಿತ್ತ ೨೯ನೆಯ ತಿದ್ದುಪಡಿಯು ಊರ್ಜಿತವಾದುದರಿಂದ ಮಠಕ್ಕೆ ಬಯಸಿದ ಫಲ ದೊರೆಯಲಿಲ್ಲ. ಅಧಿಕಾರದಲ್ಲಿರುವವರು ತಮ್ಮ ಪದವಿಯ ವ್ಯಾಜ್ಯವನ್ನು ತಾವೇ ತೀರ್ಮಾನಿಸಿಕೊಳ್ಳಲಾಗದೆಂಬ ಮರ್ಯಾದೆಯು ಮಾತ್ರ ಆ ಸೋಲಿನಿಂದಲೇ ನಾಡಿಗೆ ಲಭಿಸಿತು.