ಅಜ್ಜನ ಗಾಣದ ಉದ್ದ ಹಲ್ಲು

ಧಾರವಾಡದಿಂದ ಅಳ್ನಾವರದ ಕಡೆ ರೈಲು ಹತ್ತಿದರೆ ದಾರಿಯಲ್ಲಿ ಮುಗದ ಬರುತ್ತದೆ. ಹೊರಗಿನವರಿಗೆ ನಮ್ಮೂರು ಗೊತ್ತಿದ್ದರೆ ಕೆರೆಯಿಂದ, ಕುಂಬಾರರ ಮಡಕೆಯಿಂದ, ಇಲ್ಲಾ ಭತ್ತದ ಸಂಶೋಧನಾ ಕೇಂದ್ರದಿಂದ. ನಮ್ಮ ಮನೆಯಲ್ಲಿ ಮಾತ್ರ ಒಂದಿಷ್ಟು ಕಬ್ಬು, ಒಂದು ಗಾಣ ಇತ್ತು. 2009ರಲ್ಲಿ ಆ ಗಾಣದ ಒಂದು ಗೇರ್ ಮುರೀತು. ನಾನಾಗ ಬಿಇ ಮೆಕ್ಯಾನಿಕಲ್ ಮೂರನೇ ವರ್ಷ. (ಮುಂದೆ ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಸಾಫ್ಟ್‌ವೇರ್‌ಗೆ ಬಂದದ್ದು ಬೇರೆ ಕತೆ.) "ಗೇರ್ ನಾ ತರ್ತೀನಿ" ಅಂದೆ.

ಗಾಣಕ್ಕೆ ಗೇರ್ ಬಂದದ್ದೇ ತಡವಾಗಿ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಶಾಸನ ಕೆತ್ತಿದ ಕಲ್ಲುಗಾಣಗಳು ಸಿಗುತ್ತವೆ. ಒರಳಿನಂಥ ಕಲ್ಲು, ಒಳಗೆ ತಿರುಗುವ ಮರದ ಒನಕೆ, ಅಷ್ಟೇ. ಅಂಥ ಒರಳಿನಲ್ಲಿ ಕಬ್ಬು ಅರೀಬೇಕಂದ್ರೆ ತುಂಡು ತುಂಡು ಕತ್ತರಿಸಿ ಹಾಕಬೇಕು. ಇಡೀ ಜಲ್ಲೆಯನ್ನೇ ಹಿಂಡಬೇಕು ಅಂದಾಗ ರೋಲರ್ ಬೇಕಾಯಿತು. ಒಂದು ರೋಲರ್ ಇನ್ನೊಂದನ್ನು ಜೊತೆಗೇ ತಿರುಗಿಸಲು ಹಲ್ಲು ಬೇಕಾದವು. 17ನೇ ಶತಮಾನದ ಆರಂಭದಲ್ಲಿ ಬ್ರೆಜಿಲ್‌ನಲ್ಲಿ ಮೂರು ರೋಲರಿನ ಗಾಣ ಹಬ್ಬಿತು. ನಮ್ಮ ದೇಶದಲ್ಲಿ 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನೆ ಕಂಪನಿಯವರು ಎತ್ತು ಎಳೆಯುವ ಕಬ್ಬಿಣದ ಗಾಣ ತಂದರು.

ನಮ್ಮ ಕಡೆಯ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಅಂತ ರೈತರು ಮೊದಮೊದಲು ನೇಗಿಲು ಮುಟ್ಟಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ಬರಡು ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಮೇಲೆ ಕಬ್ಬಿನ ಗಾಣವೂ ಅಲ್ಲಿಂದ ಬಂತು.

ನಾನು ಮಾಡಿದ್ದೇನಪ್ಪಾ ಅಂದ್ರೆ, ಹಲ್ಲು ಎಣಿಸಿದೆ: 20. ರೋಲರ್ ನಡುವಿನಿಂದ ನಡುವಿಗೆ ಅಳೆದೆ: 200 ಮಿ.ಮೀ. ಭಾಗಿಸಿದರೆ ಮಾಡ್ಯೂಲ್ 10. ಪುಸ್ತಕದ ಪ್ರಕಾರ ಹಲ್ಲಿನ ಪೂರ್ತಿ ಎತ್ತರ ಅದರ ಎರಡೂಕಾಲು ಪಟ್ಟು, 22.5 ಮಿ.ಮೀ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಥಳಥಳ ಹೊಳೆಯುವ ಗೇರ್ ಸಿಕ್ಕಿತು. ತಂದು ಅಜ್ಜನ ಮುಂದಿಟ್ಟೆ.

"ಹಲ್ಲ ಎಣಿಸಿ ತಂದಿ, ಖರೆ. ಉದ್ದ ನೋಡಿದೇನು ತಮ್ಮಾ?"

ನೋಡಿರಲಿಲ್ಲ. ಗಾಣದ ರೋಲರ್‌ಗಳು ಒಂದೇ ಕಡೆ ಕೂಡುವುದಿಲ್ಲ. ದಪ್ಪ ಕಬ್ಬಿಗೆ ಬೋಲ್ಟ್ ಸಡಿಲಿಸಿ ದೂರ ಸರಿಸಬೇಕು, ಸಣ್ಣದಕ್ಕೆ ಹತ್ತಿರ ತರಬೇಕು. ದೂರ ಸರಿದರೂ ಹಲ್ಲು ಒಂದಕ್ಕೊಂದು ಕಚ್ಚಿಕೊಂಡಿರಬೇಕು. ಅದಕ್ಕೇ ಗಾಣದ ಗೇರಿಗೆ ಮಾಮೂಲಿಗಿಂತ ಉದ್ದ ಹಲ್ಲು. ಇವತ್ತಿನ ಹೆಚ್ಚಿನ ಗೇರ್‌ಗಳ ಹಲ್ಲಿನ ಬಾಗು ಇನ್ವಾಲ್ಯೂಟ್. 18ನೇ ಶತಮಾನದಲ್ಲಿ ಆಯ್ಲರ್ ಹೇಳಿದ್ದು, 1838ರಲ್ಲಿ ಕೇಂಬ್ರಿಜ್‌ನ ರಾಬರ್ಟ್ ವಿಲ್ಲಿಸ್ ಕಾರ್ಖಾನೆಯವರಿಗೆ ತಿಳಿಯುವಂತೆ ಬಿಡಿಸಿಟ್ಟದ್ದು. ಅದರ ದೊಡ್ಡ ಗುಣ ಅಂದರೆ ಚಕ್ರಗಳ ಅಂತರ ಸ್ವಲ್ಪ ಬದಲಾದರೂ ವೇಗದ ಲೆಕ್ಕ ತಪ್ಪುವುದಿಲ್ಲ. ಆದರೆ ಹಲ್ಲಿಗೆ ಹಲ್ಲು ಮುಟ್ಟಿದರೆ ತಾನೇ! ಈ ಆಯ್ಲರ್, ಮಾಡ್ಯೂಲ್ ಎರಡೂ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.

ಕೂಡಿಸಿದಾಗ ಹಳೇ ಗೇರಿನ ಉದ್ದ ಹಲ್ಲು ಹೊಸದರ ತಳಕ್ಕೆ ಬಡಿದು ಗಾಣ ತಿರುಗಲೇ ಇಲ್ಲ. ಬೋಲ್ಟ್ ಬಿಚ್ಚಿ ರೋಲರ್ ದೂರ ಸರಿಸಿದೆ, ತಿರುಗಿತು. ಈಗ ಹೊಸ ಗೇರು ತುದಿಯಲ್ಲಷ್ಟೇ ಹಿಡಿದಿತ್ತು. ಅಪ್ಪ ಇಂಜಿನ್ ಚಾಲೂ ಮಾಡಿ ಎರಡನೇ ಹಿಡಿ ಕಬ್ಬು ಕೊಟ್ಟ. ಠಪ್! ಹೊಸದರ ಮೂರು ಹಲ್ಲು, ಹಳೆಯದರ ಎರಡು.

ಅಜ್ಜ ಬೈಯಲಿಲ್ಲ. "ಮೂರೂ ಬಿಚ್ಚು" ಅಂದ. ಮೂರೂ ಯಾಕೆ ಅನ್ನೋದು ನನಗೆ ಆಮೇಲೆ ತಿಳಿಯಿತು. ಇಂಗ್ಲೆಂಡಿನ ಹಳೇ ಗಿರಣಿ ಕಟ್ಟುವವರು 20 ಹಲ್ಲಿಗೆ 60 ಹಾಕುವ ಕಡೆ ಬೇಕಂತಲೇ 61 ಹಾಕುತ್ತಿದ್ದರು. ಎರಡಕ್ಕೂ ಸಾಮಾನ್ಯ ಭಾಜಕ ಇಲ್ಲ, ಹಾಗಾಗಿ ಪ್ರತಿ ಹಲ್ಲೂ ಸರದಿಯಲ್ಲಿ ಎಲ್ಲಾ ಹಲ್ಲನ್ನೂ ಭೇಟಿಯಾಗುತ್ತದೆ, ಸವೆತ ಎಲ್ಲಾ ಕಡೆ ಸಮ. (ಕೋಡ್ ಬರೆಯುವವರಿಗೆ ಇದು ರೋಮಾಂಚನ.) ಗಾಣದಲ್ಲಿ ಆ ಆಟ ನಡೆಯೋದಿಲ್ಲ. ರೋಲರ್ ಮೂರೂ ಒಂದೇ ವೇಗದಲ್ಲಿ ತಿರುಗಬೇಕು, ಅಂದರೆ ಮೂರಕ್ಕೂ 20 ಹಲ್ಲು. ಅದೇ ಹಲ್ಲಿಗೆ ಅದೇ ಹಲ್ಲು, ಸಾಯೋವರೆಗೂ, ಲಗ್ನ ಆದಂಗ. ಬಿಚ್ಚಿದಾಗ ಜೋಡಿ ತಪ್ಪಬಾರದೆಂದು ಅಜ್ಜ ಚಾಣದಿಂದ ಹಲ್ಲಿನ ಮೇಲೆ ಗುರುತು ಹೊಡೆದಿದ್ದ. ಹಂಗಾಮು ಮುಗಿದ ಮೇಲೆ ಹಳೇ ಗ್ರೀಸ್ ಕೆರೆದು ತೆಗೆಯುತ್ತಿದ್ದ. ಅದರಲ್ಲಿ ಕೂತ ಮಣ್ಣು, ಸಿಪ್ಪೆ ಹಲ್ಲನ್ನು ಉಜ್ಜುಕಾಗದದಂತೆ ತಿನ್ನುತ್ತದೆ.

ಬೆಳಗಾವಿಯ ಎರಕದ ಕಾರ್ಖಾನೆಗೆ ಮೂರನ್ನೂ ಒಯ್ದೆವು. ಹಳೇ ಗೇರನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಆರುವಾಗ ಕಬ್ಬಿಣ ಶೇ. 1ರಷ್ಟು ಕುಗ್ಗುತ್ತದೆ, 200 ಮಿ.ಮೀ.ಗೆ 2 ಮಿ.ಮೀ. ಒಂದನ್ನೇ ಮಾಡಿಸಿದ್ದರೆ ಹಳೆಯವುಗಳ ಜೊತೆ ಕೂಡುತ್ತಿರಲಿಲ್ಲ. ಒಳ್ಳೇದಿದ್ದ ಒಂದನ್ನೇ ಅಚ್ಚು ಮಾಡಿ ಮೂರನ್ನೂ ಹೊಯ್ಸಿದ್ದರಿಂದ ಮೂರೂ ಒಂದೇ ಅಳತೆಗೆ ಕುಗ್ಗಿದವು, ರೋಲರ್ ಕೂದಲೆಳೆ ಹತ್ತಿರ ತಂದರೆ ಮುಗೀತು. ಉದ್ದ ಹಲ್ಲಿಗೆ ಹತ್ತಿರ ಬರೋದೇನು ದೊಡ್ಡ ಮಾತಲ್ಲ.

ಆರು ದಿನ ಹಿಡಿಯಿತು. ಕಡಿದಿಟ್ಟ ಕಬ್ಬಿನಲ್ಲಿ ಸಕ್ಕರೆ ಒಡೆಯತೊಡಗಿತ್ತು, ಆ ಹಾಲಿನ ಬೆಲ್ಲ ಅಚ್ಚು ಕೂಡಲಿಲ್ಲ. ಕೊಪ್ಪರಿಗೆ ಕೊಪ್ಪರಿಗೆ ಜೋನಿಯಾಗೇ ಉಳಿಯಿತು. ಆ ಬೆಲ್ಲದ ರೊಕ್ಕದಲ್ಲಿ ನನ್ನ ಸೆಮಿಸ್ಟರ್ ಫೀ ಇತ್ತು. ಅಪ್ಪ ಒಂದು ಹೋರಿ ಮಾರಿ ಕಟ್ಟಿದ. ಹುಬ್ಬಳ್ಳಿಯಿಂದ ತಂದ ಥಳಥಳ ಗೇರು ಈಗಲೂ ಮುಗದದ ಮನೆಯ ಹಿತ್ತಲ ಬಾಗಿಲಿಗೆ ಅಡ್ಡ ಇದೆ. ಅದರಲ್ಲಿ 17 ಹಲ್ಲು.